ಹದಿನಾಲ್ಕು ಮಿಲಿಮೀಟರ್

"ನಿಮ್ಮ ಮನೆತನದಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ, ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ?"

ಡಾಕ್ಟರ್ ಮೆಲ್ಪೊ ಈ ಪ್ರಶ್ನೆ ಕೇಳುವಾಗ ಎಕೋ ಯಂತ್ರದ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಲಾಂಬ್ರೋಸ್ ಮಂಚದ ತುದಿಯಲ್ಲಿ ಕುಳಿತು, ಎದೆಗೆ ಮೆತ್ತಿದ್ದ ತಣ್ಣನೆಯ ಜೆಲ್ಲನ್ನು ಕಾಗದದಿಂದ ಒರೆಸಿಕೊಳ್ಳುತ್ತಿದ್ದ. "ನಮ್ಮೋರಾ? ಇಲ್ಲ ಡಾಕ್ಟ್ರೇ. ತೊಂಬತ್ತು ದಾಟೋವರೆಗೂ ಒಬ್ರೂ ಜಾಗ ಖಾಲಿ ಮಾಡಲ್ಲ," ಎಂದು ನಕ್ಕ. ಅವನ ತಾಯಿ ಪೊಲಿಕ್ಸೇನಿಯನ್ನು ಆಗಷ್ಟೇ ಒಳಗೆ ಕರೆಸಿದ್ದರು. ಅವಳು ನಗಲಿಲ್ಲ. ಮಡಿಲಲ್ಲಿದ್ದ ಕೈಚೀಲ ತೆರೆದು, ಏನನ್ನೋ ಹುಡುಕಿದಂತೆ ಮಾಡಿ, ಮತ್ತೆ ಮುಚ್ಚಿದಳು.

ಅವರು ಬಂದದ್ದು ಐದು ನಿಮಿಷದ ಕೆಲಸಕ್ಕೆ. ಇಪ್ಪತ್ತೊಂದು ವರ್ಷದ ಲಾಂಬ್ರೋಸ್ ಗ್ರೀಸ್ ದೇಶದ ಯಾನಿನಾ ಊರಿನ ರೋಯಿಂಗ್ ಕ್ಲಬ್ಬಿನಲ್ಲಿ ಹುಟ್ಟು ಹಾಕುವವನು. ಹದಿಮೂರನೆಯ ವಯಸ್ಸಿನಿಂದ ಬೆಳಗಾದರೆ ಸರೋವರದಲ್ಲೇ ಇರುತ್ತಿದ್ದ. ಸ್ಪರ್ಧೆಗೆ ಇಳಿಯುವವರ ಆರೋಗ್ಯದ ಕಾರ್ಡಿಗೆ ಪ್ರತಿ ವರ್ಷ ಹೃದಯದ ಡಾಕ್ಟರು ಸಹಿ ಹಾಕಬೇಕು. ಪ್ರತಿ ಸಲವೂ ಇಸಿಜಿ, ಎದೆಗೆ ಸ್ಟೆತಾಸ್ಕೋಪು, ಸಹಿ, ಅಷ್ಟೇ. ಅಲ್ಲಿಂದ ನೇರ ಹಿಟ್ಟಿನ ಗಿರಣಿಗೆ ಹೋಗಿ ಅಂಗಡಿಗೆ ಮೂಟೆಗಳನ್ನು ತರುವುದೆಂದು ತಾಯಿ ಮಗ ಒಟ್ಟಿಗೆ ಹೊರಟಿದ್ದರು. ಈ ಸಲ ಇಸಿಜಿಯ ಗೆರೆ ಡಾಕ್ಟರಿಗೆ ಯಾಕೋ ಸರಿಕಾಣಲಿಲ್ಲ. "ಒಂದು ಎಕೋ ಮಾಡಿಬಿಡ್ತೀನಿ, ಬಾ," ಎಂದು ಅವನನ್ನು ಒಳಕೋಣೆಗೆ ಕರೆದುಕೊಂಡು ಹೋಗಿದ್ದರು. ಪೊಲಿಕ್ಸೇನಿ ಹೊರಗೆ ಮುಕ್ಕಾಲು ಗಂಟೆ ಕಾದಿದ್ದಳು. ಐದು ನಿಮಿಷ ಹತ್ತಾದಾಗ ಗಿರಣಿಯ ಚಿಂತೆಯಾಯಿತು. ಅರ್ಧ ಗಂಟೆಯಾದ ಮೇಲೆ ಗಿರಣಿ ಮರೆತೇಹೋಯಿತು.

ಡಾಕ್ಟರು ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದರು. ಬೂದುಬಣ್ಣದ ಬೀಸಣಿಗೆಯಂಥ ಚಿತ್ರದೊಳಗೆ ಏನೋ ಹಿಗ್ಗುತ್ತಾ ಕುಗ್ಗುತ್ತಾ ಇತ್ತು.

"ಇದು ಹೃದಯದ ಎಡಗಡೆ ಕೆಳಕೋಣೆ. ಮೈಗೆಲ್ಲ ರಕ್ತ ನೂಕೋದು ಇದೇ. ಈ ಎರಡು ಕೋಣೆ ನಡುವಿನ ಗೋಡೆ ನೋಡಿ, ಸ್ವಲ್ಪ ದಪ್ಪ ಇದೆ. ಹದಿನಾಲ್ಕು ಮಿಲಿಮೀಟರ್."

"ದಪ್ಪ ಇದ್ರೆ ಗಟ್ಟಿ ಅಲ್ವಾ?" ಎಂದ ಲಾಂಬ್ರೋಸ್.

"ಹಾಗಿದ್ದಿದ್ರೆ ಚೆನ್ನಾಗಿತ್ತು. ನಿನ್ನ ತೋಳು ದಪ್ಪ ಆದ ಹಾಗೆ, ವರ್ಷಗಟ್ಟಲೆ ಹುಟ್ಟು ಹಾಕಿದ್ರೆ ಈ ಗೋಡೆನೂ ದಪ್ಪ ಆಗತ್ತೆ. ಅದು ಕಾಯಿಲೆ ಅಲ್ಲ. ಆದ್ರೆ ರಕ್ತಸಂಬಂಧದಲ್ಲಿ ಬರೋ ಒಂದು ಕಾಯಿಲೆ ಇದೆ, ಅದರಲ್ಲೂ ಗೋಡೆ ದಪ್ಪ ಆಗೋದೇ. ಅಂಥವರು ಜೋರಾಗಿ ಮೈದಣಿಸಿದ್ರೆ ಹೃದಯ ತಾಳ ತಪ್ಪಿ ನಿಂತೇ ಹೋಗಬಹುದು. ಹನ್ನೆರಡಿದ್ದಿದ್ರೆ ಸಹಿ ಹಾಕಿ ಕಳಿಸ್ತಿದ್ದೆ. ಹದಿನಾರು ಇದ್ದಿದ್ರೆ ದೋಣಿ ಮಾರ್ಕೊ ಅಂತಿದ್ದೆ. ಹದಿನಾಲ್ಕು ಎರಡರ ನಡುವೆ ಬರತ್ತೆ. ಇದು ಹುಟ್ಟಿನಿಂದ ಬಂದದ್ದೋ, ಹುಟ್ಟು ಹಾಕಿ ಬಂದದ್ದೋ, ಇವತ್ತು ಹೇಳಕ್ಕಾಗಲ್ಲ."

ಡಾಕ್ಟರು ಒಂದು ಗುಂಡಿ ಒತ್ತಿದರು. ಬೂದು ಚಿತ್ರದೊಳಗೆ ಕೆಂಪು, ನೀಲಿ ಬಣ್ಣಗಳು ಹೊಮ್ಮಿ ಹೊಮ್ಮಿ ಮಾಯವಾದವು. "ಕೆಂಪು ನಮ್ಮ ಕಡೆಗೆ ಬರೋ ರಕ್ತ, ನೀಲಿ ದೂರ ಹೋಗೋದು. ಹರಿವು ಸರಾಗವಾಗಿದೆ. ಎಲ್ಲೂ ತಡೆ ಇಲ್ಲ, ಸೋರಿಕೆ ಇಲ್ಲ. ಅದೊಂದು ಒಳ್ಳೇ ಸಮಾಚಾರ."

"ಮತ್ತೆ ಈಗೇನು?"

"ಈಗ ಏನೂ ಮಾಡಬಾರದು. ಅದೇ ಔಷಧಿ. ಮೂರು ತಿಂಗಳು ದೋಣಿ ಬೇಡ, ಓಟ ಬೇಡ, ಜಿಮ್ ಬೇಡ, ಭಾರ ಎತ್ತೋದು ಬೇಡ. ಅಭ್ಯಾಸದಿಂದ ದಪ್ಪ ಆಗಿದ್ರೆ ಅಭ್ಯಾಸ ನಿಲ್ಲಿಸಿದಾಗ ಇಳಿಯತ್ತೆ. ಕಾಯಿಲೆ ಆಗಿದ್ರೆ ಇಳಿಯಲ್ಲ."

"ಏಪ್ರಿಲ್‌ನಲ್ಲಿ ರಾಷ್ಟ್ರೀಯ ತಂಡದ ಆಯ್ಕೆ ಇದೆ ಡಾಕ್ಟ್ರೇ!"

"ಗೊತ್ತು ಕಣೋ," ಎಂದರು ಡಾಕ್ಟರ್ ಮೆಲ್ಪೊ.

ಬೀದಿಗೆ ಬಂದ ಮೇಲೆ ಲಾಂಬ್ರೋಸ್ ಕಾರಿನ ಬಾಗಿಲು ಹಿಡಿದುಕೊಂಡು ಸುಮ್ಮನೆ ನಿಂತ. ಎರಡು ವರ್ಷದಿಂದ ಅವನು ಅನ್ನ ನಿದ್ದೆ ಎಲ್ಲವನ್ನೂ ಆ ಆಯ್ಕೆಗೆ ಹೊಂದಿಸಿಕೊಂಡು ಬದುಕಿದ್ದ. ಪೊಲಿಕ್ಸೇನಿ ನಾಲ್ಕು ಹೆಜ್ಜೆ ನಡೆದವಳು ನಿಂತಳು. "ನನ್ನ ಸ್ಕಾರ್ಫ್ ಮೇಲೇ ಉಳೀತು, ತಗೊಂಡ್ ಬರ್ತೀನಿ," ಎಂದು ತಿರುಗಿ ಮೆಟ್ಟಿಲು ಹತ್ತಿದಳು. ಸ್ಕಾರ್ಫು ಅವಳ ಕುತ್ತಿಗೆಯಲ್ಲೇ ಇತ್ತು.

ಡಾಕ್ಟರ ಕೋಣೆಯ ಬಾಗಿಲು ಮುಚ್ಚಿಕೊಂಡು, ನಿಂತೇ ಹೇಳಿದಳು. "ನನ್ನ ತಮ್ಮ ಆಲ್ಕಿಸ್. ಇಪ್ಪತ್ತು ವರ್ಷ ಆಗಿತ್ತು. ಊರ ಮೈದಾನದಲ್ಲಿ ಚೆಂಡಾಡ್ತಾ ಇದ್ದ. ಚೆಂಡಿನ ಹಿಂದೆ ಓಡ್ತಾ ಹಾಗೇ ಮುಗ್ಗರಿಸಿದ. ಎಲ್ಲರೂ ಜಾರಿ ಬಿದ್ದ ಅಂದ್ಕೊಂಡು ನಗ್ತಿದ್ರು ಡಾಕ್ಟ್ರೇ. ನಾನೂ ನಗ್ತಿದ್ದೆ."

"ಯಾಕಾಯ್ತು ಅಂತ ನೋಡಿದ್ರಾ?"

"ಕೊಯ್ದು ನೋಡೋದು ಬೇಡ ಅಂದ್ಬಿಟ್ರು ಅಪ್ಪ. ಬಿಸಿಲು ಹೊಡೀತು ಅಂತ ಮನೆಯಲ್ಲಿ ಹೇಳ್ಕೊಂಡ್ವಿ. ಹೇಳ್ತಾ ಹೇಳ್ತಾ ಅದೇ ನಿಜ ಆಗೋಯ್ತು. ನನ್ನ ಮಗನಿಗೂ ಅಷ್ಟೇ ಗೊತ್ತಿರೋದು."

ಡಾಕ್ಟರ್ ಮೆಲ್ಪೊ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವಂತೆ 'ಕಿರಾ' ಎಂದು ಸೇರಿಸಿ ಹೇಳಿದರು. "ಕಿರಾ ಪೊಲಿಕ್ಸೇನಿ, ಇದನ್ನ ಅವನಿಗೆ ನೀವೇ ಹೇಳಬೇಕು, ಇವತ್ತೇ. ಮತ್ತೆ ನೀವೂ ನಿಮ್ಮ ಯಜಮಾನ್ರೂ ಎಕೋ ಮಾಡಿಸ್ಕೋಬೇಕು. ಅದರಲ್ಲೂ ನೀವು. ತಮ್ಮನ ರಕ್ತದಲ್ಲಿ ಏನಾದ್ರೂ ಇದ್ದಿದ್ರೆ ಅದು ನಿಮ್ಮ ಮೂಲಕನೇ ಮಗನಿಗೆ ಬರಬೇಕು. ನಿಮ್ಮ ಹೃದಯ ನೋಡಿದ್ರೆ ಅವನದ್ದು ಅರ್ಧ ಗೊತ್ತಾಗತ್ತೆ. ಈಗಲೇ ಮಲಗ್ತೀರಾ? ಇಪ್ಪತ್ತು ನಿಮಿಷ."

"ಈಗ ಗಿರಣಿಗೆ ಹೋಗಬೇಕು," ಎಂದಳು ಪೊಲಿಕ್ಸೇನಿ. "ಈಸ್ಟರ್ ಕಳೀಲಿ, ಬರ್ತೀನಿ."

ಆ ದಿನ ಹಿಟ್ಟಿನ ಮೂಟೆಗಳನ್ನು ಅವಳೇ ಕಾರಿಗೆ ಏರಿಸಿದಳು. ಮಗ ಕೈಕಟ್ಟಿ ನಿಂತು ನೋಡಿದ. ಗಿರಣಿಯವನು, "ಏನಪ್ಪ ಪೈಲ್ವಾನ್, ಅಮ್ಮನ ಕೈಲಿ ಹೊರಿಸ್ತಿದ್ಯಾ?" ಎಂದು ಛೇಡಿಸಿದ.

ಸಂಜೆ ಅಂಗಡಿಯಲ್ಲಿ ಅವಳು ಹೇಳಿದಳು. ಅವಳದು ಸರೋವರದ ದಂಡೆಯಿಂದ ಎರಡು ಬೀದಿ ಒಳಗಿರುವ ಸಣ್ಣ ಪಿಟಾ ಅಂಗಡಿ. ಎಲೆಯಷ್ಟು ತೆಳ್ಳಗೆ ಲಟ್ಟಿಸಿದ ಹಾಳೆಗಳ ನಡುವೆ ಸೊಪ್ಪು, ಚೀಸು ತುಂಬಿ ದೊಡ್ಡ ತಟ್ಟೆಗಳಲ್ಲಿ ಬೇಯಿಸಿ, ಕತ್ತರಿಸಿ ಮಾರುವುದು. ಹಾಳೆ ಲಟ್ಟಿಸುತ್ತಲೇ, ಮುಖ ಎತ್ತದೆ, ಆಲ್ಕಿಸನ ವಿಷಯ ಪೂರ್ತಿ ಹೇಳಿ ಮುಗಿಸಿದಳು.

"ಬಿಸಿಲು ಅಂದಿದ್ರಲ್ಲಮ್ಮ. ಅದಕ್ಕೇ ಡಾಕ್ಟ್ರು ಕೇಳಿದಾಗ ಮಾಮನ ನೆನಪೇ ಆಗ್ಲಿಲ್ಲ ನಂಗೆ. ಪ್ರತಿ ಬೇಸಿಗೆ ಟೋಪಿ ಹಾಕ್ಕೋ, ಟೋಪಿ ಹಾಕ್ಕೋ ಅಂತ ಪ್ರಾಣ ತಿಂತಿದ್ದೆ."

"ಟೋಪಿ ಹಾಕ್ಕೊಂಡ್ರೆ ತಪ್ಪೇನಿಲ್ಲ," ಎಂದಳು. ಆಮೇಲೆ ಅವಳ ದನಿ ಒಡೆಯಿತು.

ಅವನು ಎದ್ದು ಬಂದು ಅವಳ ಹೆಗಲು ಹಿಡಿದ. "ಸರಿ. ಮೂರು ತಿಂಗಳು ನಾನು ಅಲ್ಲಾಡಲ್ಲ. ನೀವಿಬ್ರೂ ಎಕೋ ಮಾಡಿಸ್ಕೊಳ್ಳಿ. ಮಾತು ಮಾತೇ."

"ಮಾತು ಮಾತೇ," ಎಂದಳು ಪೊಲಿಕ್ಸೇನಿ.

ಅವಳ ಗಂಡ ಮಿಲ್ತೋಸ್ ಸರೋವರದ ನಡುವಿನ ದ್ವೀಪಕ್ಕೆ ಜನರನ್ನು ದಾಟಿಸುವ ದೋಣಿ ನಡೆಸುತ್ತಿದ್ದ. ಮರುದಿನವೇ ಹೋಗಿ ಪರೀಕ್ಷೆ ಮಾಡಿಸಿಕೊಂಡು, ಎದೆ ಉಬ್ಬಿಸಿಕೊಂಡು ಬಂದ. "ನನ್ನ ಹೃದಯ ನೋಡಿ ಡಾಕ್ಟ್ರು ಹತ್ತು ಅಂದ್ರು. ಸ್ಕೂಲಲ್ಲಿ ಒಂದು ದಿನಾನೂ ನಂಗೆ ಹತ್ತಕ್ಕೆ ಹತ್ತು ಬಂದಿರ್ಲಿಲ್ಲ ನೋಡು!"

ಪೊಲಿಕ್ಸೇನಿ ಮಾತ್ರ ಹೋಗಲಿಲ್ಲ. ಒಂದು ವಾರ ಕಳೆಯಿತು, ಎರಡಾಯಿತು. ಲಾಂಬ್ರೋಸ್ ಕೇಳಿದಾಗಲೆಲ್ಲ ಒಂದೊಂದು ನೆಪ ಹೇಳಿದಳು. ಒಂದು ಸಲ ಒಲೆ ರಿಪೇರಿ, ಇನ್ನೊಂದು ಸಲ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ ಸೊಪ್ಪಿನ ಪಿಟಾಕ್ಕೆ ವಿಪರೀತ ಬೇಡಿಕೆ. ನಾಲ್ಕನೆಯ ವಾರ ಅವನು ಮತ್ತೆ ಕೇಳಿದಾಗ ಬಾಯಿಂದ ಸುಳ್ಳು ತಾನಾಗಿಯೇ ಜಾರಿತು. "ಹೋಗಿ ಬಂದೆ ಕಣೋ. ಏನೂ ಇಲ್ಲವಂತೆ."

"ಹೌದಾ! ಹೇಳೋದಲ್ವಾ ಅಮ್ಮ!" ಎಂದು ಅವನು ಅವಳನ್ನು ಎತ್ತಲು ಹೋಗಿ, ಭಾರ ಎತ್ತಬಾರದೆಂದು ನೆನಪಾಗಿ, ಕೆನ್ನೆಗೆ ಮುತ್ತಿಟ್ಟು ಬಿಟ್ಟ. ಆ ಮುತ್ತು ಅವಳಿಗೆ ಚೇಳು ಕುಟುಕಿದ ಹಾಗಾಯಿತು.

ಹೋಗದಿರಲು ಕಾರಣ ಪ್ರಾಣಭಯವಲ್ಲ. ಐವತ್ತಮೂರು ವರ್ಷ ಬದುಕಿದ್ದಾಯಿತು, ಸಾಯುವ ಯೋಚನೆ ಅವಳನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ಆ ಮಂಚದ ಮೇಲೆ ಮಲಗಿ, ಪರದೆಯಲ್ಲಿ ತನ್ನ ಗೋಡೆಯೂ ದಪ್ಪಗೆ ಕಂಡರೆ, ಮಗನ ಎದೆಯೊಳಗೆ ಅದನ್ನು ಇಟ್ಟವಳು ತಾನೇ ಎಂದಾಗುತ್ತದೆ. ತಮ್ಮ ಬಿದ್ದಾಗ ನಕ್ಕವಳು, ಮಗನಿಗೆ ಅದನ್ನೇ ಹೊತ್ತು ತಂದವಳು. ಹಿಟ್ಟು ನಾದುವಾಗ ಎದೆ ಸ್ವಲ್ಪ ಬಡಿದುಕೊಂಡರೂ, ಮೆಟ್ಟಿಲು ಹತ್ತಿ ಉಸಿರು ಕಟ್ಟಿದರೂ ಅವಳು ನಿಂತು ಆಲಿಸುತ್ತಿದ್ದಳು. ಆಲಿಸಿದಷ್ಟೂ ಅದು ಜೋರಾಗಿ ಕೇಳುತ್ತಿತ್ತು.

ಲಾಂಬ್ರೋಸ್ ಮಾತ್ರ ತನ್ನ ಮಾತು ಉಳಿಸಿಕೊಂಡ. ಅದು ಎಷ್ಟು ಕಷ್ಟವೆಂದು ಪೊಲಿಕ್ಸೇನಿಗೆ ದಿನವೂ ಕಾಣುತ್ತಿತ್ತು. ಬೆಳಗ್ಗೆ ಐದೂವರೆಗೇ ಎಚ್ಚರವಾಗಿಬಿಡುತ್ತಿತ್ತು ಅವನಿಗೆ, ಎದ್ದು ಹೋಗಲು ಜಾಗವಿರಲಿಲ್ಲ. ಅಂಗಡಿಯಲ್ಲಿ ಗಲ್ಲಾದ ಮೇಲೆ ಕುಳಿತ. ಗಿರಾಕಿಗಳು ಸುಮ್ಮನಿರಲಿಲ್ಲ. "ದೋಣಿ ಬಿಟ್ಯಂತೆ, ಹುಡುಗಿ ಸಿಕ್ಕಳೇನೋ?" ಎಂದು ಒಬ್ಬಳು, "ಅಯ್ಯೋ, ಒಂದು ತಿಂಗಳಲ್ಲಿ ಹೊಟ್ಟೆ ಬಂದಿದೆಯಲ್ಲೋ!" ಎಂದು ಇನ್ನೊಬ್ಬಳು. ಅವನು ಹಲ್ಲು ಕಚ್ಚಿ ನಗುತ್ತಾ ಪಿಟಾ ಕಟ್ಟಿಕೊಟ್ಟ. ಕೋಚ್ ಸ್ಟಾಥಿಸ್ ದಿನವೂ ಬಂದು ಒಂದು ತುಂಡು ಚೀಸ್ ಪಿಟಾ ತಿಂದು, ಅವನ ಮುಖ ನೋಡಿ ಹೋಗುತ್ತಿದ್ದ. ದೊಡ್ಡ ಮೀಸೆಯ, ಕಂಚಿನ ಕಂಠದ ಮನುಷ್ಯ. ಏಪ್ರಿಲ್‌ನಲ್ಲಿ ಲಾಂಬ್ರೋಸನ ಜಾಗದಲ್ಲಿ ಬೇರೊಬ್ಬನನ್ನು ಕೂರಿಸಿ ಆಯ್ಕೆಗೆ ಕರೆದುಕೊಂಡು ಹೋಗಬೇಕಾಗಿ ಬಂದಾಗ, ಅದನ್ನು ಹೇಳಲಾಗದೆ ಮೂರು ತುಂಡು ತಿಂದ. ಕೊನೆಗೆ ಲಾಂಬ್ರೋಸನೇ, "ಕರ್ಕೊಂಡ್ ಹೋಗಿ ಕೋಚ್, ದೋಣಿ ಖಾಲಿ ಕಳಿಸಕ್ಕಾಗತ್ತಾ?" ಎಂದ. ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

ಈಸ್ಟರ್ ಕಳೆದ ಮೇಲಿನ ವಾರ, ಬೆಳಗ್ಗೆ ಹತ್ತರ ಸುಮಾರಿಗೆ, ಪೊಲಿಕ್ಸೇನಿ ಹಾಳೆ ಲಟ್ಟಿಸುತ್ತಿದ್ದಾಗ ಅವನು ಫೋನು ಕೈಯಲ್ಲಿ ಹಿಡಿದು ಒಳಗೆ ಬಂದ. ಗಿರಾಕಿ ಹೋಗುವವರೆಗೂ ಕಾದ.

"ಅಮ್ಮ, ನಿನ್ನ ಎಕೋ ಮಾಡುವಾಗ ಯಾವ ಮಗ್ಗುಲಿಗೆ ಮಲಗಿಸಿದ್ರು?"

ಅವಳ ಕೈ ನಿಂತಿತು. "ಯಾವ ಮಗ್ಗುಲಿಗೆ ಅಂದ್ರೆ... ಬಲಕ್ಕೆ."

"ಎಡಕ್ಕೆ ಅಮ್ಮ. ಎಲ್ಲರನ್ನೂ ಎಡಕ್ಕೇ ಮಲಗಿಸೋದು. ಈಗ ಡಾಕ್ಟ್ರು ಫೋನ್ ಮಾಡಿದ್ರು. ಅಮ್ಮ ಇನ್ನೂ ಬಂದೇ ಇಲ್ವಲ್ಲ ಅಂತ ಕೇಳಿದ್ರು."

ಅವನು ತಿರುಗಿ ಹೊರಟುಹೋದ. ಕೂಗಾಡಲಿಲ್ಲ, ಬಾಗಿಲನ್ನು ಬಡಿಯಲೂ ಇಲ್ಲ. ಬೈದು ಹೋಗಿದ್ದರೂ ವಾಸಿ ಇತ್ತು ಅನ್ನಿಸಿತು ಅವಳಿಗೆ.

ಹತ್ತು ನಿಮಿಷಕ್ಕೆ ಸ್ಟಾಥಿಸನ ಫೋನು ಬಂತು. "ಕಿರಾ ಪೊಲಿಕ್ಸೇನಿ, ಓಡಿ ಬನ್ನಿ! ನಿಮ್ಮ ಮಗ ಒಂಟಿ ದೋಣಿ ತೆಗೆದು ನೀರಿಗಿಳಿಸ್ತಿದ್ದಾನೆ. ನನ್ನ ಮಾತು ಕೇಳ್ತಾ ಇಲ್ಲ. ಹುಟ್ಟು ಕಿತ್ಕೊಂಡಿದೀನಿ, ಇನ್ನೊಂದು ಜೊತೆ ತಂದಿದ್ದಾನೆ!"

ಒಲೆಯಲ್ಲಿ ಎರಡು ತಟ್ಟೆ ಪಿಟಾ ಬೇಯುತ್ತಿದ್ದವು. ಹಾಗೇ ಬಿಟ್ಟು, ಏಪ್ರನ್ನಿನಲ್ಲೇ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಅವಳು ಓಡಿದಳು. ಮೂವತ್ತು ವರ್ಷದಿಂದ ಅವಳು ಓಡಿದವಳಲ್ಲ. ಬಸ್ಸು ತಪ್ಪಿದರೂ ಓಡುತ್ತಿರಲಿಲ್ಲ.

ಲಾಂಬ್ರೋಸ್ ದೋಣಿಯಲ್ಲಿ ಕುಳಿತಾಗಿತ್ತು. ಒಂದು ಕೈಯಲ್ಲಿ ಎರಡೂ ಹುಟ್ಟು, ಇನ್ನೊಂದು ಕೈ ಕಟ್ಟೆಯ ಮೇಲೆ. ನೂಕಿದರೆ ಹೊರಟ.

"ಲಾಂಬ್ರೋ! ಇಳಿ!"

"ಯಾಕೆ ಇಳೀಲಿ? ಅರವತ್ತು ದಿನ ಮರದ ಕೊರಡಿನ ಹಾಗೆ ಕೂತಿದ್ದೆ. ಸೀಟು ಹೋಯ್ತು, ಆಯ್ಕೆ ಹೋಯ್ತು, ಸುಮ್ಮನಿದ್ದೆ. ನೀನು ಇಪ್ಪತ್ತು ನಿಮಿಷ ಮಲಗಕ್ಕಾಗ್ಲಿಲ್ಲ!"

"ಈಗ ಹುಟ್ಟು ಹಾಕಿದ್ರೆ ಎಲ್ಲಾ ಹಾಳಾಗತ್ತೆ ಕಣೋ. ಗೋಡೆ ದಪ್ಪ ಇಳೀತೋ ಇಲ್ವೋ ಅನ್ನೋದೇ ಗೊತ್ತಾಗಲ್ಲ."

"ಗೊತ್ತಾಗೋದು ನಿಂಗೆ ಬೇಡವಲ್ಲ!"

ಅವಳು ಕಟ್ಟೆಯ ಅಂಚಿಗೆ ಬಂದು ಕುಕ್ಕರಿಸಿದಳು. ಏದುಸಿರು ಬಿಡುತ್ತಾ ದೋಣಿಯ ಅಂಚನ್ನು ಹಿಡಿದುಕೊಂಡಳು. ಹಿಡಿದ ಕಡೆ ಹಿಟ್ಟಿನ ಬೆರಳು ಮೂಡಿತು. "ನಾನೇ ಕೊಟ್ಟಿದ್ರೆ?" ಎಂದಳು. "ನನ್ನಿಂದಲೇ ಬಂದಿದ್ರೆ ನಾನು ನಿನ್ನ ಮುಖ ಹೇಗೋ ನೋಡಲಿ?"

ಲಾಂಬ್ರೋಸ್ ಅವಳನ್ನೇ ದಿಟ್ಟಿಸಿದ. ಅವನ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ಒಂದಿಷ್ಟು ಹೊತ್ತು ಓಡಾಡಿತು.

"ಕೊಟ್ಟಿದ್ರೆ ಏನಮ್ಮ? ಈ ಮೂಗೂ ನೀನೇ ಕೊಟ್ಟಿದ್ದು. ಅದಕ್ಕೇನಾದ್ರೂ ಜಗಳ ಆಡಿದ್ನಾ?"

ಹಿಂದೆ ನಿಂತಿದ್ದ ಸ್ಟಾಥಿಸ್ ಮೀಸೆಯೊಳಗೇ ಪಿಸಕ್ಕನೆ ನಕ್ಕು, ಕೂಡಲೇ ಕೆಮ್ಮಿದಂತೆ ನಟಿಸಿದ. ಪೊಲಿಕ್ಸೇನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಆ ಮೂಗು ನಿಮ್ಮಪ್ಪಂದು," ಎಂದಳು. "ಇಳಿ. ಈಗಲೇ ಹೋಗೋಣ. ಹೀಗೇ."

ಹಾಗೇ ಹೋದರು. ಡಾಕ್ಟರ್ ಮೆಲ್ಪೊ ಅವಳ ಹಿಟ್ಟಿನ ಕೈ ನೋಡಿದರು. ಕಾಯುತ್ತಿದ್ದ ಇಬ್ಬರನ್ನು ಸ್ವಲ್ಪ ಹೊತ್ತು ಕೂರಿಸಿ, ಅವಳನ್ನು ಒಳಗೆ ಕರೆದುಕೊಂಡರು. ಮಗ ಹೊರಗೆ ಉಳಿದ. ಈ ಸಲ ಕಾಯುವ ಸರದಿ ಅವನದು.

"ಎಡಮಗ್ಗುಲಿಗೆ ತಿರುಗಿ. ಎಡಗೈ ತಲೆ ಕೆಳಗೆ. ಜೆಲ್ ತಣ್ಣಗಿರತ್ತೆ."

ಐಸಿನಂತೆ ತಣ್ಣಗಿತ್ತು. ಡಾಕ್ಟರು ಗಿಡ್ಡ ಗೂಟದಂಥ ಸಾಧನವನ್ನು ಪಕ್ಕೆಲುಬುಗಳ ನಡುವೆ ಒತ್ತಿ ಹಿಡಿದು, ಇಷ್ಟಿಷ್ಟೇ ವಾಲಿಸಿದರು. ಪೊಲಿಕ್ಸೇನಿ ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿದ್ದಳು. ಕೀಲಿಮಣೆಯ ಟಕ್ ಟಕ್ ಕೇಳುತ್ತಿತ್ತು. ಪ್ರತಿ ಟಕ್ಕಿಗೂ ಎಲ್ಲೋ ಅಳತೆಯಾಗುತ್ತಿದೆಯೆಂದು ಅವಳಿಗೆ ಗೊತ್ತಾಗುತ್ತಿತ್ತು.

"ಉಸಿರು ಪೂರ್ತಿ ಬಿಡಿ. ಹಾಗೇ ಹಿಡ್ಕೊಳ್ಳಿ. ಹಾಂ, ಈಗ ತಗೊಳ್ಳಿ."

ಆಮೇಲೆ ಸದ್ದು ಬಂತು. ಅದು ಲಬ್ ಡಬ್ ಅಲ್ಲ. ಯಾರೋ ಒದ್ದೆ ಬಟ್ಟೆಯನ್ನು ನೀರಿನಲ್ಲಿ ಎಳೆದಂತೆ, ಶುಷ್ಷ್, ಶುಷ್ಷ್, ಒಂದೇ ಹದದಲ್ಲಿ, ಬಿಡುವಿಲ್ಲದೆ.

"ಏನಿದು?"

"ನಿಮ್ಮದೇ ರಕ್ತ. ದೊಡ್ಡ ಕವಾಟ ದಾಟಿ ಹೊರಗೆ ಹೋಗ್ತಿದೆ. ಎಷ್ಟು ಜೋರಾಗಿ ಹೋಗತ್ತೆ ಅಂತ ನೋಡ್ತಿದೀನಿ. ಇಲ್ಲಿ ನೋಡಿ ಅಮ್ಮ, ಕಣ್ಣು ಬಿಡಿ."

ಅವಳು ಕತ್ತು ತಿರುಗಿಸಿದಳು. ಪರದೆಯ ಮೇಲೆ ಎರಡು ಸಣ್ಣ ಎಸಳುಗಳು ತೆರೆದುಕೊಳ್ಳುತ್ತಿದ್ದವು, ಮುಚ್ಚಿಕೊಳ್ಳುತ್ತಿದ್ದವು. ಒಂದು ಸಲ ತೆರೆದು, ಅರೆಕ್ಷಣ ತೂಗಿ, ಮತ್ತೊಮ್ಮೆ ತೆರೆದು, ಪಟ್ಟನೆ ಕೂಡಿಕೊಳ್ಳುತ್ತಿದ್ದವು. ಐವತ್ತಮೂರು ವರ್ಷದಿಂದ ಯಾರೂ ಹೇಳದೆ, ಯಾರೂ ನೋಡದೆ ಇದು ನಡೆದೇ ಇದೆಯಲ್ಲ ಎಂದು ಅವಳಿಗೆ ಸೋಜಿಗವಾಯಿತು. ಅದನ್ನು ನೋಡುತ್ತಿದ್ದಷ್ಟು ಹೊತ್ತು ಹೆದರುವುದನ್ನು ಮರೆತಿದ್ದಳು.

"ಗೋಡೆ ಒಂಬತ್ತು," ಎಂದರು ಡಾಕ್ಟರು. "ಎಲ್ಲಾ ಕಡೆ ಅಳೆದೆ. ಒಂಬತ್ತು, ಎಂಟೂವರೆ, ಒಂಬತ್ತು. ಕವಾಟ ಚೆನ್ನಾಗಿದೆ, ಹಿಗ್ಗೋದು ಕುಗ್ಗೋದು ಚೆನ್ನಾಗಿದೆ. ನಿಮ್ಮ ಇಸಿಜಿನೂ ಈಗಲೇ ತೆಗೀತೀನಿ. ಆದ್ರೆ ಇದರಲ್ಲಿ ನಂಗೆ ಏನೂ ಕಾಣ್ತಿಲ್ಲ."

"ಅಂದ್ರೆ?"

"ಅಂದ್ರೆ ಆ ಕಾಯಿಲೆ ನಿಮಗಿಲ್ಲ. ಇದ್ದಿದ್ರೆ ಈ ವಯಸ್ಸಿಗೆ ಕಾಣಿಸ್ಕೋಬೇಕಿತ್ತು. ನೂರಕ್ಕೆ ನೂರು ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ನಿಮ್ಮಿಂದ ಮಗನಿಗೆ ಹೋಗಿರೋ ಸಾಧ್ಯತೆ ತುಂಬಾ ಕಡಿಮೆ."

"ಹಾಗಾದ್ರೆ ಆಲ್ಕಿಸ್‌ಗೆ ಏನಾಗಿತ್ತು?"

ಡಾಕ್ಟರ್ ಮೆಲ್ಪೊ ಸಾಧನವನ್ನು ಒರೆಸಿ ಕೊಕ್ಕೆಗೆ ಸಿಕ್ಕಿಸಿದರು. "ಅದು ಗೊತ್ತಾಗಲ್ಲ ಅಮ್ಮ. ಇದೇ ಕಾಯಿಲೆ ಇದ್ದಿರಬಹುದು, ಅವರಿಗೆ ಬಂದು ನಿಮಗೆ ಬರದೇ ಇರಬಹುದು. ಬೇರೆ ಏನೋ ಇದ್ದಿರಬಹುದು. ಆದ್ರೆ ಒಂದು ಹೇಳ್ತೀನಿ. ಹಾಗೆ ಬಿದ್ದೋರಿಗೆ ಏನೂ ಗೊತ್ತಾಗಲ್ಲ. ಬೀಳೋಕೆ ಮುಂಚೆನೇ ಪ್ರಜ್ಞೆ ಹೋಗಿರತ್ತೆ. ನೀವು ನಕ್ಕಿದ್ದು ಅವರಿಗೆ ಕೇಳಿಸಿರಲ್ಲ."

ಪೊಲಿಕ್ಸೇನಿ ಎದ್ದು ಕೂರಲಿಲ್ಲ. ಎಡಮಗ್ಗುಲಲ್ಲೇ ಮಲಗಿ, ತಲೆಯ ಕೆಳಗಿನ ಕೈಯಲ್ಲೇ ಮುಖ ಒತ್ತಿಕೊಂಡು ಅತ್ತಳು. ಡಾಕ್ಟರು ಕಾಗದದ ಟವೆಲ್ಲಿನ ಇಡೀ ಸುರುಳಿಯನ್ನು ಅವಳ ಪಕ್ಕಕ್ಕಿಟ್ಟು, ಕಿಟಕಿಯ ಬಳಿ ಹೋಗಿ ಬೆನ್ನು ಮಾಡಿ ನಿಂತರು.

ಅವಳು ಹೊರಗೆ ಬಂದಾಗ ಲಾಂಬ್ರೋಸ್ ತಟ್ಟನೆ ಎದ್ದು ನಿಂತ. ಕೆಂಪಾದ ಅವಳ ಕಣ್ಣು ನೋಡಿ ಅವನ ಮುಖ ಬಿಳಿಚಿತು.

"ಒಂಬತ್ತು," ಎಂದಳು. "ಈ ಸಲ ನಿಜ. ಎಡಕ್ಕೇ ಮಲಗಿದ್ದೆ."

ಅಂಗಡಿಗೆ ಮರಳಿದಾಗ ಎರಡೂ ತಟ್ಟೆಗಳ ಪಿಟಾ ಇದ್ದಿಲಾಗಿತ್ತು. ಬೀದಿ ತುಂಬ ಹೊಗೆ. ಪಕ್ಕದ ಬೆಳ್ಳಿ ಅಂಗಡಿಯವನು ಒಲೆ ಆರಿಸಿ, ಕಿಟಕಿಗಳನ್ನೆಲ್ಲ ತೆರೆದಿಟ್ಟು, "ಎಲ್ಲಿ ಹಾಳಾಗಿ ಹೋಗಿದ್ರಿ ನೀವೆಲ್ಲ?" ಎಂದು ಬೈಯುತ್ತಾ ನಿಂತಿದ್ದ. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಉಳಿದ ಒಂದು ತಿಂಗಳು ಬೇಗ ಸರಿಯಿತು ಎಂದೇನೂ ಅಲ್ಲ. ಅವಳದು ಸರಿಯಿದ್ದರೂ ಅವನದು ಸರಿಯಿರಲೇಬೇಕೆಂದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಈಗ ಆ ಭಯವನ್ನು ಇಬ್ಬರೂ ಸೇರಿ ಹೊರುತ್ತಿದ್ದರು. ಲಾಂಬ್ರೋಸ್ ಆಲ್ಕಿಸನ ಬಗ್ಗೆ ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಆಲ್ಕಿಸ್ ಶಿಳ್ಳೆ ಹಾಕುತ್ತಾ ಮೇಕೆ ಅಟ್ಟುತ್ತಿದ್ದದ್ದು, ಸೈಕಲ್ಲಿನ ಮೇಲೆ ಅಕ್ಕನನ್ನು ಕೂರಿಸಿಕೊಂಡು ಹಳ್ಳಕ್ಕೆ ಬೀಳಿಸಿದ್ದು, ಪ್ರೇಮಪತ್ರವನ್ನು ತಪ್ಪಿ ಹುಡುಗಿಯ ತಾಯಿಯ ಕೈಗೇ ಕೊಟ್ಟಿದ್ದು. ಮೂವತ್ತು ವರ್ಷ ಅವನ ಸಾವಿನ ಹಿಂದೆ ಮರೆಯಾಗಿದ್ದ ಇದೆಲ್ಲವೂ ಒಂದೊಂದಾಗಿ ಹೊರಬಂತು.

ಮೇ ಕೊನೆಯ ಗುರುವಾರ. ಕೋಣೆಯಲ್ಲಿ ಡಾಕ್ಟರು, ಲಾಂಬ್ರೋಸ್, ಪೊಲಿಕ್ಸೇನಿ, ಮಿಲ್ತೋಸ್. ಸ್ಟಾಥಿಸ್‌ಗೆ ಒಳಗೆ ಜಾಗವಿಲ್ಲದೆ, ಬಾಗಿಲು ಅರ್ಧ ತೆರೆದು ಹೊಸ್ತಿಲ ಮೇಲೆ ನಿಂತಿದ್ದ. ಡಾಕ್ಟರು ಮೊದಲಿನ ಚಿತ್ರವನ್ನು ಪರದೆಯ ಒಂದು ಪಕ್ಕದಲ್ಲಿಟ್ಟುಕೊಂಡು, ಅದೇ ಕೋನ, ಅದೇ ಜಾಗ ಸಿಗುವವರೆಗೆ ಸಾಧನವನ್ನು ವಾಲಿಸುತ್ತಲೇ ಇದ್ದರು. ಅಳೆದರು. ಅಳಿಸಿದರು. ಮತ್ತೆ ಅಳೆದರು. ಉಸಿರು ಹಿಡಿಯಬೇಕಾದವನು ಲಾಂಬ್ರೋಸ್ ಒಬ್ಬನೇ ಆಗಿದ್ದರೂ, ಡಾಕ್ಟರು "ಹಿಡ್ಕೊ" ಎಂದಾಗಲೆಲ್ಲ ಐದು ಜನವೂ ಹಿಡಿದರು.

ಮೂರನೆಯ ಸಲ ಅಳೆದ ಮೇಲೆ ಡಾಕ್ಟರ್ ಮೆಲ್ಪೊ ಕುರ್ಚಿಗೆ ಒರಗಿದರು.

"ಹನ್ನೊಂದು."

"ಹನ್ನೊಂದು ಅಂದ್ರೆ?" ಎಂದು ಹೊಸ್ತಿಲಿಂದ ಸ್ಟಾಥಿಸ್ ಗುಡುಗಿದ.

"ಮೂರು ಮಿಲಿಮೀಟರ್ ಇಳಿದಿದೆ. ಕಾಯಿಲೆ ಹಾಗೆ ಇಳಿಯಲ್ಲ. ಇದು ದೋಣಿ ಕೊಟ್ಟಿದ್ದು, ದೋಣಿನೇ ವಾಪಸ್ ತಗೊಂಡಿದೆ." ಅವರು ಲಾಂಬ್ರೋಸನ ಹೆಗಲು ತಟ್ಟಿದರು. "ನಿನ್ನದು ಚೆನ್ನಾಗಿ ದುಡಿದ ಹೃದಯ ಕಣೋ, ಅಷ್ಟೇ. ವರ್ಷಕ್ಕೊಂದು ಸಲ ತಪ್ಪದೆ ಬಂದು ತೋರಿಸು. ಎಲ್ಲಿ, ಆ ಕಾರ್ಡು ಕೊಡಿಲ್ಲಿ."

ಮಿಲ್ತೋಸ್ ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡ. ಸ್ಟಾಥಿಸ್ ಕಾರಿಡಾರಿನಲ್ಲಿ ಸಿಕ್ಕ ನರ್ಸನ್ನು ತಬ್ಬಿಕೊಂಡು, ಕ್ಷಮಿಸಿ ಎಂದು, ಮತ್ತೆ ತಬ್ಬಿಕೊಂಡ. ಲಾಂಬ್ರೋಸ್ ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಎದೆಯ ಮೇಲೆ ಜೆಲ್ ಇಟ್ಟುಕೊಂಡೇ ಕುಳಿತಿದ್ದ. ಪೊಲಿಕ್ಸೇನಿ ಅದನ್ನು ಒರೆಸಲು ಹೋದಳು. ಚಿಕ್ಕವನಿದ್ದಾಗ ಒರೆಸಿದ ಹಾಗೆ ಗಸಗಸ ಒರೆಸಿದಳು. "ಚರ್ಮ ಬರತ್ತೆ ಅಮ್ಮ!" ಎಂದು ಅವನು ಕಿರುಚಿದ.

ಮಧ್ಯಾಹ್ನ ಅವಳು ಹಳ್ಳಿಗೆ ಫೋನು ಮಾಡಿದಳು. ಅವಳ ತಾಯಿ ಅಲ್ಲಿ ಬೆಟ್ಟದ ಮೇಲೆ ಇನ್ನೂ ಕೋಳಿ ಸಾಕಿಕೊಂಡು, ಅಕ್ಕಪಕ್ಕದವರ ಜೊತೆ ಜಗಳವಾಡಿಕೊಂಡು ಆರಾಮವಾಗಿದ್ದಳು. ಮೂರು ತಿಂಗಳಿಂದ ಆಕೆಗೆ ಏನನ್ನೂ ಹೇಳಿರಲಿಲ್ಲ. ಪೊಲಿಕ್ಸೇನಿ ಎಲ್ಲವನ್ನೂ ಹೇಳಿದಳು. ಕೊನೆಗೆ ಆಲ್ಕಿಸನ ಹೆಸರನ್ನೂ ಎತ್ತಿದಳು. ಆ ಕಡೆ ಕೋಳಿಗಳ ಸದ್ದು.

"ಬಿಸಿಲಲ್ಲ ಅಂತ ನಂಗೂ ಗೊತ್ತಿತ್ತು ಮಗಳೇ," ಎಂದಳು ಮುದುಕಿ. "ಅವತ್ತು ಮೋಡ ಮುಚ್ಚಿತ್ತು. ನಿಮ್ಮಪ್ಪ ಹಾಗಂದ್ರು, ನಾನು ಸುಮ್ಮನಾದೆ." ಆಮೇಲೆ ಕೇಳಿದಳು. "ಆ ಯಂತ್ರದಲ್ಲಿ ನನ್ನದನ್ನೂ ನೋಡ್ತಾರಾ? ಒಳಗೆ ಹೇಗಿದೆ ಅಂತ ನೋಡೋಣ ಅಂತ."

"ನೋಡ್ತಾರೆ ಅಮ್ಮ. ಭಾನುವಾರ ಬಂದು ಕರ್ಕೊಂಡ್ ಬರ್ತೀವಿ."

ಜೂನ್ ಮೊದಲ ವಾರ ಸ್ಟಾಥಿಸ್ ಅವನಿಗೆ ಇಪ್ಪತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ ಎಂದು ಹೇಳಿ ನೀರಿಗೆ ಬಿಟ್ಟ. ಪೊಲಿಕ್ಸೇನಿ ಅಂಗಡಿಯ ಬಾಗಿಲೆಳೆದು ದಂಡೆಗೆ ಬಂದಿದ್ದಳು. ಎಂಟು ವರ್ಷದಲ್ಲಿ ಅವನು ಹುಟ್ಟು ಹಾಕುವುದನ್ನು ಅವಳು ನಿಂತು ನೋಡಿದ್ದು ಇದೇ ಮೊದಲು. ದೋಣಿ ದ್ವೀಪದ ಕಡೆಗೆ ಸಣ್ಣದಾಗುತ್ತಾ ಹೋಯಿತು, ತಿರುಗಿತು, ದೊಡ್ಡದಾಗುತ್ತಾ ಬಂತು.

ಕಟ್ಟೆಗೆ ಬಂದು ಇಳಿದವನು ಅಂಗೈಗಳನ್ನು ಚಾಚಿ ತೋರಿಸಿದ. ಮೂರು ತಿಂಗಳು ಪಿಟಾ ಕಟ್ಟಿ ಮೆತ್ತಗಾಗಿದ್ದ ಕೈಗಳಲ್ಲಿ ಆರು ಬೊಬ್ಬೆ ಎದ್ದಿದ್ದವು, ಎರಡು ಒಡೆದಿದ್ದವು.

"ಹಸುಗೂಸಿನ ಕೈ ಆಗಿದೆಯಲ್ಲೋ ಇದು!" ಎಂದು ಸ್ಟಾಥಿಸ್ ತಲೆ ಚಚ್ಚಿಕೊಂಡ.

"ಉರೀತಿದೆ ಅಮ್ಮ," ಎಂದ ಲಾಂಬ್ರೋಸ್. ಅವನ ಮುಖ ಸಂತೋಷದಿಂದ ಕೆಂಪಾಗಿತ್ತು.

"ಉರೀಲಿ," ಎಂದಳು ಪೊಲಿಕ್ಸೇನಿ. ಅವನ ಕೈ ಹಿಡಿದು ಅಂಗಡಿಯ ಕಡೆ ನಡೆಸಿಕೊಂಡು ಹೊರಟಳು. "ಬಾ, ಮುಲಾಮು ಹಚ್ತೀನಿ. ಮುಚ್ಚಿದ ಬಾಗಿಲ ಮುಂದೆ ಜನ ನಿಂತಿರ್ತಾರೆ."